ಕಾಲೇಜಿಗೆ ಕೊಟ್ಟ ಮಾವಿನ ತೋಪು

ಕೊನೆಯ ಮಾವಿನ ಮರ ಉರುಳಿದಾಗ ಅಶ್ವತ್ಥಪ್ಪನ ಕಣ್ಣು ತುಂಬಿತು. ಒರೆಸಿಕೊಳ್ಳಲು ಟವೆಲ್ ಎತ್ತಿದ. ಮಗಳು ನವ್ಯ ಕೈ ಹಿಡಿದು ತಡೆದಳು.

"ಇರ್ಲಿ ಬುಡಪ್ಪ. ಅತ್ಬುಡು, ಅಗುರಾಯ್ತದೆ."

ಎದುರಿಗೇ ಕ್ಯಾಮೆರಾ ಇತ್ತು. ಕಾಲೇಜಿನ ನೆನಪಿಗೆ ಎಲ್ಲವೂ ದಾಖಲಾಗಬೇಕಂತೆ. ಸಿನಿಮಾ ಕಲಿಸುವ ಕಾಲೇಜಲ್ಲವೇ?

ಬಂಗಾರಪೇಟೆಯ ಹೊರಗಿನ ಈ ತೋಪು ಅವನ ಅಪ್ಪ ನೆಟ್ಟದ್ದು. ಇಲ್ಲಿ ವಿಶ್ವವಿದ್ಯಾಲಯದ ಚಲನಚಿತ್ರ ಶಾಲೆ ಏಳಲಿದೆ, ಕಟ್ಟಡದ ಖರ್ಚು ಬೆಂಗಳೂರಿನ ಉದ್ಯಮಿಯೊಬ್ಬರದು, ನೆಲ ಕೊಟ್ಟವರ ಮಗಳಿಗೆ ಮೊದಲ ಸೀಟು. ಸುದ್ದಿ ತಂದವಳು ನವ್ಯಳೇ. ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೆ ಸಿನಿಮಾದವರು ಬಂದಾಗಲೆಲ್ಲ ಅವರ ಹಿಂದೆ ಅಲೆದು, ಮೈಯೆಲ್ಲ ಧೂಳಾಗಿ ಮನೆ ಸೇರುತ್ತಿದ್ದ ಹುಡುಗಿ. ಅವಳ ಆಸೆಯ ಮುಂದೆ ಮರ ಯಾವ ಲೆಕ್ಕ? ದಾನಿ ಬರುವಷ್ಟರಲ್ಲಿ ಜಾಗ ಬಯಲಾಗಿರಬೇಕು ಎಂದಾಗ ಗರಗಸದವರನ್ನು ಅವನೇ ಕರೆಸಿದ್ದ.

ಅನುಮಾನವಿದ್ದದ್ದು ಆ ದಾನಿಯ ಮೇಲೆ ಮಾತ್ರ.

"ದೊಡ್ಡೋರ ಮಾತು. ಮರ ಉರುಳಿಸ್ಬುಟ್ಮೇಲೆ ಕೈ ಕೊಟ್ರೆ?" ಹೆಂಡತಿ ವೆಂಕಟರತ್ನಮ್ಮ ದಿನವೂ ಕೇಳುತ್ತಿದ್ದಳು.

"ಅವ್ರು ಬರ್ದಿದ್ರೆ ನಾನೇ ಒಬ್ಬ ದಾನೀನ ಕರ್ಕೊಂಡ್ ಬತ್ತೀನಿ ಬುಡಮ್ಮ," ಎಂದು ನವ್ಯ ನಗುತ್ತಿದ್ದಳು.

ಗುದ್ದಲಿ ಪೂಜೆಯ ದಿನ ದಾನಿ ಬಂದೇ ಬಂದರು. ಜೊತೆಗೆ ಪೊದೆಮೀಸೆಯ ಕುಲಪತಿ. ಊರೇ ಸೇರಿತ್ತು.

"ಕಟ್ಟಡವಷ್ಟೇ ಅಲ್ಲ, ಶಾಶ್ವತ ನಿಧಿಯನ್ನೂ ಇಡುತ್ತೇನೆ. ಅದರ ಬಡ್ಡಿಯಲ್ಲಿ ಬಡವರ ಮಕ್ಕಳು ಎಂದೆಂದಿಗೂ ಓದಲಿ," ಎನ್ನುವಾಗ ದಾನಿಯ ಗಂಟಲು ಕಟ್ಟಿತು.

ಕ್ಯಾಮೆರಾದವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಪಾಪ, ಅದೇ ಮಾತನ್ನು ಮತ್ತೆ ಆಡಿದರು. ಗಂಟಲು ಮತ್ತೆ ಅಲ್ಲೇ ಕಟ್ಟಿತು. ಅಶ್ವತ್ಥಪ್ಪ ಎರಡು ಸಲವೂ ಕೈಮುಗಿದ.

"ನೋಡ್ದೇನೇ? ಕೈ ಕೊಡ್ತಾರೆ ಅಂತಿದ್ದೆ," ಎಂದು ಹೆಂಡತಿಯನ್ನು ಛೇಡಿಸಿದ.

"ನನ್ ಬಾಯಿಗಿಷ್ಟು ಮಣ್ಣಾಕ," ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನವ್ಯ ಬೂದುಗುಂಬಳಕಾಯಿ ಎತ್ತಿಕೊಂಡು ಬಂದಳು. ಬೆಳಗ್ಗೆಯೇ ಪೇಟೆಗೆ ಹೋಗಿ ತಂದಿದ್ದಳು. ದೃಷ್ಟಿ ತೆಗೆಯುವುದನ್ನು ಮಗಳು ಮರೆತಿಲ್ಲವಲ್ಲ ಎಂದು ಅಶ್ವತ್ಥಪ್ಪನಿಗೆ ಹೆಮ್ಮೆ. ಆದರೆ ಅವಳು ಗುದ್ದಲಿ ಬಿದ್ದ ನೆಲದ ಕಡೆ ತಿರುಗಲೇ ಇಲ್ಲ. ಕಾಯಿಯನ್ನು ಕ್ಯಾಮೆರಾಕ್ಕೆ ನಿವಾಳಿಸಿ ಅಪ್ಪಳಿಸಿದಳು. ಕ್ಯಾಮೆರಾದವರು ಚಪ್ಪಾಳೆ ತಟ್ಟಿ ಅವಳ ಕೈಕುಲುಕಿದರು.

"ದೃಷ್ಟಿ ತೆಗೆಯೋದು ನೆಲಕ್ಕಲ್ವೇನಮ್ಮಾ?"

ನವ್ಯ ಅವನ ಮುಖ ನೋಡಲಿಲ್ಲ.

"ಮುಂಚೇನೇ ಏಳಿದ್ರೆ ನೀನು ಮರ ಕಡಿಸ್ತಿರ್ಲಿಲ್ಲ ಅಪ್ಪ. ಅಂಗೆ ಅಳ್ತಾನೂ ಇರ್ಲಿಲ್ಲ."

ಅವಳ ಬೆನ್ನ ಹಿಂದೆ ಕುಲಪತಿಗಳು ಮೀಸೆ ಕಿತ್ತು ಡಬ್ಬಿಗೆ ಹಾಕಿಕೊಂಡರು, ದಾನಿ ಗಡಿಯಾರ ನೋಡಿ ಕೂಗಿದರು: "ಡೈರೆಕ್ಟರ್ ಮೇಡಂ, ಶೂಟಿಂಗ್ ಮುಗೀತಲ್ಲ, ನಮ್ಮನ್ನ ರೈಲಿಗೆ ಬಿಡೋರ್ಯಾರು?"