ಮೂರನೇ ಅಳತೆ

ಹೆಂಡತಿ ಕೈ ಇಳಿಬಿಟ್ಟಳು. ಉಂಗುರ ತಾನಾಗಿಯೇ ಬೆರಳಿನಿಂದ ಜಾರಿ ಅಕ್ಕಸಾಲಿಯ ಇಕ್ಕಳದ ಪಕ್ಕದಲ್ಲಿ ಬಿತ್ತು.

"ನೋಡಿದ್ರಾ ನಿಮ್ಮ ಕೆಲಸದ ಚೆಂದ! ಮೂರು ತಿಂಗಳಲ್ಲಿ ಎರಡು ಸಲ ಚಿಕ್ಕದು ಮಾಡಿದ್ದೀರಿ. ಅಳತೆ ತಗೊಂಡಿದ್ದು ಬೆರಳಿಗೋ, ಮೊಣಕೈಗೋ?" ಎಂದು ಗಂಡ ರೇಗಿದ.

ಅಕ್ಕಸಾಲಿ ಅಳತೆಯುಂಗುರಗಳ ಗೊಂಚಲನ್ನು ತೆಗೆದುಕೊಂಡು, ಹೋದ ಸಲ ಸರಿಹೊಂದಿದ್ದ ಹನ್ನೆರಡನೆಯದನ್ನು ಅವಳಿಗೆ ತೊಡಿಸಿ ನೋಡಿದ. ಸರಿಯಾದ ಅಳತೆಯದು ಗೆಣ್ಣಿನ ಹತ್ತಿರ ಒಮ್ಮೆ ತಡೆದು, ತುಸು ತಿರುಗಿಸಿದ ಮೇಲೆ ಒಳಗೆ ಇಳಿಯಬೇಕು. ಇದು ತಡೆಯಲೇ ಇಲ್ಲ. ಹತ್ತನೆಯದೂ ತಡೆಯಲಿಲ್ಲ. ಎಂಟನೆಯದು ಸರಿಯಾಗಿ ಕೂತಿತು. ನಲವತ್ತು ವರ್ಷ ಜನರ ಬೆರಳು ಹಿಡಿದು ಅಳೆದವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ತಲೆಯೆತ್ತಿದ. ಅವಳು ಅವನ ಬೆರಳ ತುದಿಯನ್ನು ಮೆಲ್ಲಗೆ ಒತ್ತಿ, ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ನನ್ನದೇ ತಪ್ಪು ಸ್ವಾಮಿ. ವಯಸ್ಸಾಯ್ತು, ಕಣ್ಣು ಮಂಜು," ಎಂದ ಅಕ್ಕಸಾಲಿ.

"ಅದನ್ನ ಮೊದಲೇ ಹೇಳಬಾರದಾ ಮಾರಾಯ್ರೇ! ಇವಳೆಲ್ಲಿ ಸೊರಗಿ ಹೋಗ್ತಿದ್ದಾಳೋ ಅಂತ ನಾನು ಹೆದರಿಬಿಟ್ಟಿದ್ದೆ." ಗಂಡ ಜೋರಾಗಿ ನಕ್ಕು, ಸ್ಕೂಟರ್ ತೆಗೆಯಲು ಹೊರಗೆ ಹೋದ.

ಅಕ್ಕಸಾಲಿ ಚೀಟಿಯಲ್ಲಿ ಎಂಟು ಎಂದು ಬರೆದುಕೊಂಡ.

"ಡಾಕ್ಟರು ಹೇಳಿದ್ದು ಇವರಿಗಿನ್ನೂ ಗೊತ್ತಿಲ್ಲ," ಎಂದಳು ಅವಳು ಸಣ್ಣ ದನಿಯಲ್ಲಿ. "ಎಂಟು ಬೇಡಣ್ಣ, ಆರಕ್ಕೇ ಮಾಡಿಬಿಡಿ. ಪದೇ ಪದೇ ನಿಮಗೆ ಬೈಗುಳ ಯಾಕೆ?"

"ಆರು ಈಗ ಗೆಣ್ಣು ದಾಟಲ್ಲ, ತಾಯಿ."

"ನೀವು ಮಾಡಿಕೊಡೋಷ್ಟರಲ್ಲಿ ದಾಟುತ್ತೆ."

ಹೊರಗೆ ಹಾರನ್ ಕೇಳಿಸಿತು. ಅಕ್ಕಸಾಲಿ ಎಂಟನ್ನು ಹೊಡೆದುಹಾಕಿ ಆರು ಎಂದು ಬರೆದ.