ಒಳಗೇನಿದೆ?

ಎಲ್ಲಿಂದಲೋ ಗೋಧಿ ಉಪ್ಪಿಟ್ಟಿನ ವಾಸನೆ ಬಂದಂತಾಯಿತು. ಚಿಕ್ಕಂದಿನಲ್ಲಿ, ಇಂದು ಮತಗಟ್ಟೆಯಾಗಿರುವ ಇದೇ ಶಾಲೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಬರುತ್ತಿದ್ದ ವಾಸನೆ. ಹಸಿವಿಗೆ ಹಾಗನಿಸುತ್ತಿದೆ ಎಂದುಕೊಂಡರು ಮರಿಸ್ವಾಮಿ. ಮಧ್ಯಾಹ್ನ ಎರಡಾಗಿತ್ತು. ಸಕ್ಕರೆ ಕಾಯಿಲೆಯವರಾದ್ದರಿಂದ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಿತ್ತು. ಆದರೂ ಪಕ್ಷದ ಏಜೆಂಟರಾಗಿ ಮತಯಂತ್ರವನ್ನು ಬಿಟ್ಟು ಏಳುವವರಲ್ಲ ಅವರು.

"ಬೆಳಿಗ್ಗೆ ಅಣಕು ಮತದಾನದಲ್ಲಿ ನೀವೇ ಒತ್ತಿ ನೋಡಿದ್ರಲ್ಲ, ಎಲ್ಲ ಸರಿಬಂತಲ್ಲ?" ಎಂದರು ಮತಗಟ್ಟೆಯ ಅಧಿಕಾರಿ.

"ಬಂತು ಸಾರ್. ಆದ್ರೆ ಒಳಗಿನ ಪ್ರೋಗ್ರಾಂ ಬರೆದೋರು ಯಾರು? ಅದನ್ನ ಎಲ್ಲಾರೂ ಓದೋ ಹಂಗೆ ಬಿಚ್ಚಿಡ್ಲಿ, ಆಮೇಲೆ ನಂಬ್ತೀನಿ."

"ನೀನು ಹೋಗಿ ಉಂಡ್ಕೊಂಡು ಬಾರಣ್ಣ, ಯಂತ್ರ ನಾನು ನೋಡ್ಕೋತೀನಿ," ಎಂದಳು ಎದುರು ಪಕ್ಷದ ಏಜೆಂಟ್ ಪುಟ್ಟಗೌರಿ.

"ನಿನ್ನ ಕಾಯೋಕೇ ನಾನಿಲ್ಲಿ ಕೂತಿರೋದು ಕಣವ್ವ!"

ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಪುಟ್ಟಗೌರಿ ಮೇಜಿನಡಿಯ ಚೀಲಕ್ಕೆ ಮೆಲ್ಲಗೆ ಕೈಹಾಕಿದಳು.

"ಏನದು? ತೆಗೆದು ತೋರ್ಸು!" ಮರಿಸ್ವಾಮಿ ಎದ್ದೇ ನಿಂತರು.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಗೋಧಿ ಉಪ್ಪಿಟ್ಟಿನ ಒಂದು ತುತ್ತನ್ನು ಎಲ್ಲರೆದುರು ತಾನೇ ತಿಂದು, "ಅಣಕು ಮತದಾನ ಆಯ್ತು ಕಣಣ್ಣ," ಎಂದು ಮೆಲ್ಲಗೆ ಹೇಳಿ, ಡಬ್ಬಿಯನ್ನು ಅವರ ಕೈಗಿಟ್ಟಳು.