ಎದುರು ನವಿರು

ಬಟ್ಟೆಯ ಕಲೆ ತೆಗೆಯುವ ಅಕ್ಕ ಬೆಕ್ಕಿನ ಮರಿಯ ಹೊಟ್ಟೆಯ ಮೇಲಿನ ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು, ಗಿರಾಕಿಯ ಕೋಟಿನ ಅಸ್ತರು ನೋಡುವಷ್ಟೇ ನಿರ್ವಿಕಾರವಾಗಿ ತೀರ್ಪು ಕೊಟ್ಟಳು.

“ಗಿಡ್ಡ ಕೂದಲು. ಬೀದಿ ಬೆಕ್ಕು.”

ಇಸ್ತ್ರಿಯವನ ಮುಖ ಇಳಿಯಿತು. ಡ್ರೈಕ್ಲೀನಿಂಗ್ ಅಂಗಡಿಯ ಹಿಂದೆ, ಬಿಸಿನೀರು ಹೊರಬೀಳುವ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡು ಅರಚುತ್ತಿದ್ದ ಈ ಬೂದು ಮುದ್ದೆಯನ್ನು ಮೊನ್ನೆ ಅವನೇ ಎಳೆದು ತೆಗೆದಿದ್ದ. ಟವೆಲಿನಲ್ಲಿ ಒರೆಸಿದಾಗ ಕೂದಲು ನಿಮಿರಿ ನಿಂತದ್ದೇ ಆಧಾರ. ಮಗಳಿಗೆ ಫೋನು ಮಾಡಿ, ನಮ್ಮಲ್ಲೂ ಪರ್ಷಿಯನ್ ಬೆಕ್ಕಿದೆ ಎಂದುಬಿಟ್ಟಿದ್ದ. ಮಗಳು ತಾಯಿಯ ಜೊತೆ ಬೇರೆ ಮನೆಯಲ್ಲಿದ್ದಾಳೆ. ಭಾನುವಾರಗಳು ಅಪ್ಪನ ಪಾಲಿಗೆ ಎಂದು ಮಾತಾಗಿತ್ತು. ಆದರೆ ಆ ಮನೆಗೆ ಉದ್ದ ಕೂದಲಿನ ಪರ್ಷಿಯನ್ ಬಂದಾಗಿನಿಂದ ನೆಗಡಿ, ಹೋಂವರ್ಕು, ಗೆಳತಿಯ ಮನೆ ಎಂದು ಏನಾದರೊಂದು ಅಡ್ಡ ಬರುತ್ತಲೇ ಇತ್ತು. ಬೆಕ್ಕಿನ ಸುದ್ದಿ ಕೇಳಿದ ಮೇಲೆ ಈ ವಾರ ಬರುತ್ತೇನೆ ಅಂದಿದ್ದಳು. ಇವತ್ತು ಭಾನುವಾರ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಅವಳಮ್ಮ ತಂದು ಬಿಡುತ್ತಾಳೆ.

ಮೊನ್ನೆಯಿಂದ ಮರಿಯ ಕುಲಗೋತ್ರದ ವಿಚಾರಣೆ ನಡೆದೇ ಇತ್ತು. ಬಟ್ಟೆಗಂಟು ತರುವ ಗಾಡಿಯವನು ಕಾಡುಬೆಕ್ಕಿನ ಬೆರಕೆ ಎಂದ. ಮಾಲೀಕರು ಮೊಬೈಲಿನಲ್ಲಿ ಚಿತ್ರ ತೆಗೆದು ಬಲ್ಲವರೊಬ್ಬರಿಗೆ ಕಳಿಸಿ, ಸಯಾಮಿ ತಳಿ ಎಂದು ಉತ್ತರ ತರಿಸಿದರು. ಮುಂದಿನ ಚಿತ್ರಕ್ಕೆ ಅದೇ ಮಹಾಶಯರು ಇದು ಮುಂಗುಸಿಯೇ ಎಂದು ಕೇಳಿದ್ದರು. ಉಳಿದದ್ದು ಅಕ್ಕನ ಮಾತೊಂದೇ.

“ಬೆಳೀತಾ ಬೆಳೀತಾ ಉದ್ದ ಆಗಬಹುದಲ್ಲ ಅಕ್ಕ,” ಎಂದ ಇಸ್ತ್ರಿಯವನು.

“ಬಾಲ ನೋಡೋ, ಹೊಲಿಗೆ ಬಿಟ್ಟ ದಾರದ ಹಾಗಿದೆ. ಉದ್ದ ಕೂದಲಿಂದಾದ್ರೆ ಕಿವಿಯೊಳಗೆ, ಬೆರಳ ಸಂದೀಲಿ ಈಗ್ಲೇ ಕುಚ್ಚು ಇರ್ಬೇಕು.” ಮರಿಯ ಪಾದ ಬಿಡಿಸಿ ತೋರಿಸಿದಳು. “ಪರ್ಷಿಯನ್ನಿಗೆ ಮೂತಿ ಚಪ್ಪಟೆ. ಇದಕ್ಕೆ ನಿನ್ನ ಹಾಗೆ ಮೂಗಿದೆ.”

ಗಂಟು ಬಿಚ್ಚಿದ ಕೂಡಲೇ ಇದು ಯಾವ ಬಟ್ಟೆ ಎಂದು ಹೇಳುವುದು ಅಂಗಡಿಯ ಮೊದಲ ಕೆಲಸ. ಅದು ಅಕ್ಕನದು, ಅವಳ ಬೆರಳು ತಪ್ಪಿದ್ದನ್ನು ಅವನು ಕಂಡಿರಲಿಲ್ಲ. ಕೊನೆಯ ಕೆಲಸ ಅವನದು. ಸವೆದು ಹೊಳಪು ಬಂದ ಉಣ್ಣೆಯ ಕೋಟಿಗೆ ಹಬೆ ಹಾಯಿಸಿ, ಅದರ ನವಿರುಗೂದಲು ಮಲಗಿದ ದಿಕ್ಕಿಗೆ ಎದುರಾಗಿ ಬ್ರಶ್ ಎಳೆದರೆ ಸತ್ತ ಬಟ್ಟೆ ಎದ್ದು ಕೂರುತ್ತದೆ. ಗಿರಾಕಿ ಅದನ್ನು ತೊಟ್ಟು ಒಂದು ಇಂಟರ್‌ವ್ಯೂ ಮುಗಿಸಿ ಬರುವ ತನಕ ಹೊಸದರ ಹಾಗೇ ಇರುತ್ತದೆ. ಇವನಿಗೂ ಬೇಕಿದ್ದದ್ದು ಅಷ್ಟೇ, ಒಂದು ಮಧ್ಯಾಹ್ನ.

ಮೆತ್ತನೆಯ ಬ್ರಶ್ಶಿಗೆ ಹಬೆ ಹಿಡಿದು, ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿ, ಬಾಲದಿಂದ ಕತ್ತಿನ ಕಡೆಗೆ ಎಳೆಯತೊಡಗಿದ. ಇದು ಉಪಚಾರವೋ ಅವಮಾನವೋ ತಿಳಿಯದೆ ಮರಿ ಒಮ್ಮೆ ಕಣ್ಣು ಮುಚ್ಚುತ್ತಿತ್ತು, ಒಮ್ಮೆ ಉಗುರು ಚಾಚುತ್ತಿತ್ತು. ಕೊನೆಗೆ ಇಸ್ತ್ರಿ ಮೇಜಿನ ಮೇಲೆ ಮೊದಲಿನ ಎರಡರಷ್ಟು ದಪ್ಪದ ಪ್ರಾಣಿಯೊಂದು, ತನಗೇ ಗುರುತು ಸಿಗದ ಹಾಗೆ, ಕೂತಿತ್ತು. ಹ್ಯಾಂಗರಿಗೆ ಹಾಕಿ ಪ್ಲಾಸ್ಟಿಕ್ ಹೊದಿಸುವುದೊಂದು ಬಾಕಿ ಎಂದಳು ಅಕ್ಕ. ಆಮೇಲೆ, ಅವನ ಕಣ್ಣು ಬಾಗಿಲಿನ ಮೇಲೇ ಇರುವುದನ್ನು ಕಂಡು, ಎದ್ದು ಹೋಗಿ ಕಿಟಕಿ ಮುಚ್ಚಿದಳು. ಗಾಳಿಗೆ ಕೂದಲು ಕೂತುಬಿಡಬಾರದಲ್ಲ.

ಮಗಳು ಬಂದಳು. ಬೆನ್ನಿನ ಚೀಲ ಇಳಿಸದೆ, ಕೈ ಹಿಂದೆ ಕಟ್ಟಿಕೊಂಡು ಮೇಜಿನ ಮುಂದೆ ನಿಂತಳು. ಪರ್ಷಿಯನ್, ಎಂದ ಅಪ್ಪ. ಅವಳು ಹೂಂಗುಟ್ಟಿದಳು.

ಮರಿ ಆಗ ಹಿಂಗಾಲೆತ್ತಿ ನೆಕ್ಕಲು ಶುರುಮಾಡಿತು. ತೊಡೆ, ಹೊಟ್ಟೆ, ಪಕ್ಕೆ. ನಾಲಿಗೆ ಹೋದಲ್ಲೆಲ್ಲ ಪರ್ಷಿಯನ್ ಅಳಿಸಿಹೋಗಿ, ಕೆಳಗಿನಿಂದ ನುಣ್ಣನೆಯ ಬೀದಿ ಬೆಕ್ಕು ಎದ್ದು ಬಂತು. ಇಸ್ತ್ರಿಯವನು ಬ್ರಶ್ಶಿಗೆ ಕೈ ಚಾಚಿದ; ಅಕ್ಕ ಅದನ್ನು ಮೆಲ್ಲಗೆ ಅತ್ತ ಸರಿಸಿದಳು. ಮೂವರೂ ನಿಂತು ನೋಡಿದರು. ಯಾವ ಆತುರವೂ ಇಲ್ಲದೆ ಮರಿ ಕೆಲಸ ಮುಗಿಸಿತು. ಬಾಲವನ್ನೂ ಬಿಡಲಿಲ್ಲ.

“ಇದು ಪರ್ಷಿಯನ್ ಅಲ್ಲ ಕಣಮ್ಮ,” ಎಂದ ಅವನು, ನೆಲ ನೋಡುತ್ತ.

“ಗೊತ್ತು. ಪರ್ಷಿಯನ್ ಅಷ್ಟು ಜೋರಾಗಿ ಕೂಗಲ್ಲ. ಫೋನಲ್ಲೇ ಕೇಳಿಸ್ತು.”

ಅವನು ತಲೆಯೆತ್ತಿದ. ಗೊತ್ತಿದ್ದೂ ಬಂದಿದ್ದಾಳೆ ಎಂಬುದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಲ್ಲಿರೋದನ್ನ ಮುಟ್ಟೋ ಹಾಗಿಲ್ಲ,” ಎಂದಳು ಮಗಳು, ಕೈ ಹಿಂದೆಯೇ ಇಟ್ಟುಕೊಂಡು. “ಕೂದಲು ಗಂಟಾಗುತ್ತಂತೆ. ಬಾಚೋಕೇ ಒಬ್ಬರು ಬರ್ತಾರೆ. ಇದನ್ನ ಮುಟ್ಟಬಹುದಾ?”

ಅವನು ಮರಿಯನ್ನು ಅವಳ ಕಡೆಗೆ ಸರಿಸಿದ. ಮರಿಯ ಕತ್ತಿನ ಹಿಂದೆ ಒಂದು ಕುಚ್ಚು ಇನ್ನೂ ಎದ್ದೇ ನಿಂತಿತ್ತು. ಮಗಳು ಹೆಬ್ಬೆರಳನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಅದನ್ನು ಒತ್ತಿ ಮಲಗಿಸಿದಳು.

“ಇಲ್ಲಿ ಅದಕ್ಕೆ ನಾಲಿಗೆ ಎಟುಕಲ್ಲ ಅಪ್ಪ,” ಎಂದಳು. “ಮುಂದಿನ ಭಾನುವಾರ ನಾನು ಬಂದು ನೋಡ್ತೀನಿ. ಅಲ್ಲಿವರೆಗೂ ನೀನು ಬ್ರಶ್ ಮುಟ್ಟಬೇಡ.”